ಇಂಟು ನಾಲ್ಕು

ಗಣಿತದ ಪಂಕಜಾಕ್ಷಿ ಮೇಡಂ ನನಗೆ
ಮೂವತ್ತೇಳು ಪೀಟಿ ಪೀರಿಯಡ್ಡು ಬಾಕಿ ಕೊಡಬೇಕು.
ಜೂನಿನಿಂದ ಬರೆದಿಟ್ಟಿದ್ದೇನೆ,
ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ.
"ಪಬ್ಲಿಕ್ ಪರೀಕ್ಷೆ ಸಾರ್, ಇದೊಂದ್ಸಲ ಬಿಡಿ" ಅನ್ನುತ್ತಾರೆ,
ಬಿಡುತ್ತೇನೆ.
ಕೀಲಾರದ ಹೈಸ್ಕೂಲು ಮೈದಾನದಲ್ಲಿ ಆಮೇಲೆ
ನಾನು, ಸುಣ್ಣದ ಡಬ್ಬಿ,
ಖೋ ಖೋ ಕಂಬಕ್ಕೆ ಬೆನ್ನುಜ್ಜುವ ಯಾರದೋ ಎಮ್ಮೆ.

ಆ ಸೋಮವಾರ ಮೇಡಂ ರಜೆ.
ಹತ್ತನೇ ಕ್ಲಾಸು ಹೊರಗೆ ಬಿತ್ತು
ಆಲೆಮನೆಯ ಕೊಪ್ಪರಿಗೆ ಉಕ್ಕಿದಂತೆ.
ಒಬ್ಬಳು ಬರಲಿಲ್ಲ.
ಸಿಂಚನ. ಕೊನೇ ಬೆಂಚು. ಡೆಸ್ಕಿನ ಮೇಲೆ ಕೆನ್ನೆ.
"ಹೊಟ್ಟೆನೋವೇನವ್ವ?" ಅಂದೆ,
ಇಪ್ಪತ್ತಾರು ವರ್ಷದಿಂದ ನನಗೆ ಬರುವುದು
ಇದೊಂದೇ ಪ್ರಶ್ನೆ.

"ಎದೆ ಡವಗುಟ್ತದೆ ಸಾರ್. ಸುಮ್ಕೆ ಕುಂತ್ರೂವೆ.
ರಾತ್ರಿ ಪುಸ್ತಕ ತಗುದ್ರೆ ಇನ್ನೂ ಜಾಸ್ತಿ.
ಸತ್ತೋಯ್ತೀನೇನೋ ಅನ್ಸ್ತದೆ.
ಅವ್ವ ತಡೆ ಒಡಿಸುದ್ಲು.
ದೊಡ್ಡಾಸ್ಪತ್ರೇಲಿ ಇಸಿಜಿ ತಗುದ್ರು,
ಎಲ್ಲಾ ಸರಿಯಾಗದೆ ಅಂತ ಬರ್ಕೊಟ್ರು."

ಎಲ್ಲಾ ಸರಿಯಿದ್ದೂ ಡವಗುಟ್ಟುವ ಎದೆಗೆ
ನನ್ನ ಸೀಟಿಯಲ್ಲಿ ಯಾವ ಮದ್ದು?
"ಬಾ" ಅಂದೆ, "ಎರಡು ಸುತ್ತು ಓಡು."

ಓಡಿದಳು ಅಂದರೆ ಸುಳ್ಳು.
ಚಪ್ಪಲಿ ಕೈಯಲ್ಲಿ ಹಿಡಿದು, ವೇಲು ಸೊಂಟಕ್ಕೆ ಬಿಗಿದು
ಮೊದಲ ಸುತ್ತು ನನ್ನನ್ನು ಬೈದುಕೊಂಡು ನಡೆದಳು.
ಎರಡನೆಯದರ ಅರ್ಧಕ್ಕೆ
ಎಮ್ಮೆ ಅಡ್ಡ ಬಂತು.
ಆಗ ಓಡಿದಳು.

ಬಂದು ನಿಂತಾಗ ಮುಖವೆಲ್ಲ ಕೆಂಪು, ಕಣ್ಣಲ್ಲಿ ಗಾಬರಿ.
"ಸಾರ್, ಅದೇ! ಅದೇ ಶುರುವಾಯ್ತು!"
"ಎರಡು ಬೆರಳಿಡು, ಹೆಬ್ಬೆರಳ ಬುಡದ ಕೆಳಗೆ. ಎಣಿಸು."
ಹದಿನೈದು ಸೆಕೆಂಡು.
"ನಲವತ್ತೊಂದು."
"ಇಂಟು ನಾಲ್ಕು?"
"ನೂರಾ ಅರವತ್ನಾಕು."
ಲೆಕ್ಕ ಬರುತ್ತೆ ಹುಡುಗಿಗೆ.
ನಿಮಿಷ ಬಿಟ್ಟು ಮತ್ತೆ. ಮೂವತ್ಮೂರು.
ಮತ್ತೆ. ಇಪ್ಪತ್ತೇಳು.
ಬೇಲಿಯಾಚೆ ಕಬ್ಬಿನ ಟ್ರ್ಯಾಕ್ಟರು ಹೋಯಿತು,
ಹುಡುಗರು ಜಲ್ಲೆ ಎಳೆದರು,
ನಾನು ನೋಡಲಿಲ್ಲ ಅಂತಿಟ್ಟುಕೊಳ್ಳಿ.
ಇಪ್ಪತ್ತೆರಡು.

ತನ್ನ ಮಣಿಕಟ್ಟು ನೋಡಿದಳು, ನನ್ನ ನೋಡಿದಳು.
"ಇಳೀತದೆ ಸಾರ್!" ಅಂದಳು,
ನಾಲೆಗೆ ನೀರು ಬಿಟ್ಟ ಸುದ್ದಿ ತಂದವಳ ಹಾಗೆ.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು.
ಅವಳು ಯಾವ ಕಪ್ಪೂ ಗೆಲ್ಲಲಿಲ್ಲ, ತಾಲ್ಲೂಕಿಗೂ ಹೋಗಲಿಲ್ಲ.
ಕೆಲವು ದಿನ ನನಗಿಂತ ಮುಂಚೆ ಮೈದಾನದಲ್ಲಿ,
ಕೆಲವು ದಿನ ಮತ್ತೆ ಅದೇ ಡೆಸ್ಕು, ಅದೇ ಕೆನ್ನೆ.
ಮನಸ್ಸಿನ ಡಾಕ್ಟರ ಕೋಣೆ ಎಷ್ಟನೇ ನಂಬರೆಂದು
ಅವರವ್ವನಿಗೆ ಚೀಟಿ ಬರೆದುಕೊಟ್ಟೆ.
ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಸಿಕ್ಕರು:
"ಓಡಿದ್ ದಿನ ಎರಡು ಮುದ್ದೆ ಉಣ್ತಾಳೆ ಮೇಷ್ಟ್ರೇ,
ಉಂಡೇಟ್ಗೆ ಮಲಗ್ಬುಡ್ತಾಳೆ, ಪಾತ್ರೆ ತೊಳ್ಯೋರ್ ಯಾರು?"
ದೂರುವ ದನಿ. ಕಣ್ಣು ಮಾತ್ರ ಬೇರೆ.

ಇಲಾಖೆಯ ದೈಹಿಕ ಕ್ಷಮತೆ ನಮೂನೆ ತುಂಬಿಸಿದೆ.
ಎತ್ತರ. ತೂಕ. ಆರುನೂರು ಮೀಟರಿಗೆ ಹಿಡಿದ ಹೊತ್ತು.
ಸಿಂಚನ, ಕೊನೆಯಿಂದ ಮೂರನೆಯವಳು.
ಷರಾ ಕಲಂ ಖಾಲಿಯಿತ್ತು.
"ಇಳಿಯುತ್ತದೆ" ಅಂತ ಬರೆದೆ.
"ಏನ್ರೀ ಇದು, ತೂಕವಾ?" ಅಂದರು ಹೆಡ್ಮಾಸ್ಟರು.
"ಹೂಂ ಸಾರ್" ಅಂದೆ.

ಇವತ್ತು ಮೇಡಂ ಬಂದರು,
ಕೈಯಲ್ಲಿ ಸೀಮೆಸುಣ್ಣ, ಕಣ್ಣ ಕೆಳಗೆ ಕಪ್ಪು,
"ಇದೊಂದ್ಸಲ ಸಾರ್."
ಪಾಪ, ಅವರಿಗೂ ಶೇಕಡಾವಾರು ಕೇಳುವವರಿದ್ದಾರೆ.
"ಇಲ್ಲ ಮೇಡಂ" ಅಂದುಬಿಟ್ಟೆ.
ಸರ್ವಿಸ್ಸಿನಲ್ಲೇ ಮೊದಲ ಸಲ.
ಅಂದ ಮೇಲೆ ನನ್ನೆದೆ ಡವಡವ.
ಎರಡು ಬೆರಳಿಟ್ಟು ಎಣಿಸುತ್ತಾ ಮೆಟ್ಟಿಲಿಳಿದೆ,
ಹದಿನಾರು, ಹದಿನೇಳು,
ಎಣಿಕೆ ತಪ್ಪಿತು:
ಹಿಂದೆ ಮೂವತ್ತೆಂಟು ಜೊತೆ ಕಾಲು
ಧಡಧಡ ಇಳಿದು ಬರುತ್ತಿದ್ದವು.