ನಾನೂರ ಎಂಬತ್ತು ಸೆಕೆಂಡು

ನಿನ್ನೆ ಸಂಜೆ ವಾರ್ಡಿನಲ್ಲಿ ಕ್ಲಿಫ್ ಗಾರ್ಬಟ್ ಕೇಳಿದ:
‘ನಿನ್ನ ಮಿಷನ್ನಿಗೆ ಎಷ್ಟು ಜಾಯಿಂಟು?’
ನಲವತ್ತು ವರ್ಷ ಮಿಡಲ್ಸ್‌ಬರೋದ ಸಿಂಕುಗಳ ಕೆಳಗೆ
ಅಂಗಾತ ಮಲಗಿ ಪೈಪು ತಿರುವಿದವನು.
ಎಣಿಸಿ ಹೇಳಿದೆ. ತಲೆಯಾಡಿಸಿದ.
‘ಸೋರುವುದು ಯಾವಾಗಲೂ ಜಾಯಿಂಟಿನಲ್ಲೇ, ನೋಡಿಕೋ.’

ಈಗ ಅವನ ಎದೆ ತೆರೆದಿದೆ.
ನಾನು ನನ್ನ ಪಂಪುಗಳ ಮುಂದೆ, ಗಾಲಿಯ ಸ್ಟೂಲಿನ ಮೇಲೆ.
ಹೆಪಾರಿನ್ ಕೊಟ್ಟಾಯಿತು, ಹಂದಿಯ ಕರುಳಿನಿಂದ ತೆಗೆದದ್ದು.
ಮೂರು ನಿಮಿಷ ಬಿಟ್ಟು ಎರಡು ಹನಿ ಯಂತ್ರಕ್ಕಿಟ್ಟು ಕಾಯುತ್ತೇನೆ:
ಹೆಪ್ಪುಗಟ್ಟಲು ಎಷ್ಟು ಹೊತ್ತು?
ಬೆಳಗ್ಗೆ ನೂರ ಹದಿನೆಂಟು ಸೆಕೆಂಡು.
ಈಗ ನಾನೂರ ಹನ್ನೆರಡು. ಸಾಲದು.
ಇನ್ನಷ್ಟು ಕೊಡಿ.
ಐನೂರ ಮೂರು.
‘ಹೊರಡಬಹುದು’ ಎನ್ನುತ್ತೇನೆ, ಬಸ್ಸಿನ ಕಂಡಕ್ಟರನ ಹಾಗೆ.

ರಕ್ತಕ್ಕೆ ತನ್ನ ಓಣಿಯ ಗೋಡೆಯೊಂದೇ ಪರಿಚಯ.
ಉಳಿದದ್ದೆಲ್ಲ ಗಾಯ.
ಪ್ಲಾಸ್ಟಿಕ್ ನಳಿಗೆ ಮೈ ತಾಗಿದ್ದೇ ತಡ
ಎಲ್ಲೋ ಕೊಯ್ದಿದೆ, ಎಲ್ಲೋ ಹರಿದಿದೆ ಎಂದು
ಹನ್ನೆರಡನೆಯವನು ಹನ್ನೊಂದನೆಯವನನ್ನು ಎಬ್ಬಿಸುತ್ತಾನೆ,
ಅವನು ಒಂಬತ್ತನೆಯವನನ್ನು
(ನಡುವೆ ಹತ್ತು ಎಲ್ಲಿ ಹೋಯಿತೆಂದು
ಪರೀಕ್ಷೆಗೆ ಓದುವಾಗಲೂ ನನಗೆ ಸಿಟ್ಟು ಬರುತ್ತಿತ್ತು),
ನಡುರಾತ್ರಿ ಕದ ಬಡಿದು ಊರೆಬ್ಬಿಸಿದಂತೆ.
ಬೆಂಕಿ ಎಲ್ಲಿ? ಯಾರೂ ಕಂಡಿಲ್ಲ.
ಕೊಡ ಮಾತ್ರ ಎಲ್ಲರ ಕೈಯಲ್ಲಿ.

ಹೆಪಾರಿನ್ ಅವರನ್ನು ಮಲಗಿಸುವುದಿಲ್ಲ.
ಕಟ್ಟಕಡೆಯ ಮನೆಗೆ ಚಿಲಕ ಹಾಕುತ್ತದೆ, ಅಷ್ಟೆ.
ಹೊರಗೆ ಗದ್ದಲ ನಡೆದೇ ಇರುತ್ತದೆ.

ಮೂವತ್ತೆರಡು ಡಿಗ್ರಿ. ಹೃದಯ ನಿಂತಿದೆ.
ಕಾಲಿನಿಂದ ತೆಗೆದ ನಾಳವನ್ನು ಡಾಕ್ಟರ್ ಇಫಿಯೋಮಾ
ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುತ್ತಾಳೆ.
ಕ್ಲಿಫ್, ಹೊಸ ಜಾಯಿಂಟು ಮೂರು.
ಅರ್ಧ ಗಂಟೆಗೊಮ್ಮೆ ಮತ್ತೆ ಎರಡು ಹನಿ.
ಐನೂರ ಹತ್ತು.
ನಾನೂರ ತೊಂಬತ್ತು.
ನಾನೂರ ನಲವತ್ತೊಂದು.
ನನ್ನ ದನಿ ಏರಲಿಲ್ಲ, ಬೆನ್ನು ಮಾತ್ರ ಬೆವೆತಿತು.
ಫಿಲ್ಟರಿನಲ್ಲಿ ಕಪ್ಪು ಎಳೆಯೊಂದು ಕಂಡಂತಾಗಿ ಟಾರ್ಚು ಬಿಟ್ಟೆ.
ನನ್ನದೇ ಬೆರಳಿನ ನೆರಳು.

ಆಮೇಲೆ ಹೃದಯ ಮೊದಲು ನಡುಗಿ, ನಂತರ ನೆನಪಾದಂತೆ ಬಡಿಯಿತು.
ನನ್ನ ಪಂಪು ನಿಂತಿತು.
ಈಗ ಪ್ರೋಟಮಿನ್, ಸಾಲ್ಮನ್ ಮೀನಿನದು, ಹನಿಹನಿಯಾಗಿ.
ಎರಡು ಗಂಟೆ ಯಾವುದನ್ನು ಬೇಡ ಬೇಡ ಎಂದೆವೋ
ಅದನ್ನೇ ಬೇಡುತ್ತ ನಿಂತಿದ್ದೇವೆ,
ಆರು ಜನ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು.

ಒತ್ತಿದ ಬಟ್ಟೆ ತೆಗೆದರೆ ಒಸರುತ್ತದೆ.
ಮತ್ತೆ ಒತ್ತುತ್ತಾಳೆ.
ನನಗೆ ಯಾಕೋ ನಿನ್ನೆ ರಾತ್ರಿ ಬಾಯ್ಲರಿನ ಪಕ್ಕ
ಹೆಪ್ಪು ಹಾಕಿಟ್ಟ ಹಾಲು ನೆನಪಾಗುತ್ತದೆ.
ಉಗುರುಬೆಚ್ಚಗಿರಬೇಕು. ಅಲುಗಿಸಬಾರದು.
ಆಗಾಗ ಮುಚ್ಚಳ ತೆಗೆದು ನೋಡಬಾರದು.
ಬಾಯಿಬಿಟ್ಟು ಹೇಳಿದೆನೋ ಏನೋ,
ಇಫಿಯೋಮಾ ಒತ್ತಿದ ಕೈ ತೆಗೆಯಲಿಲ್ಲ.
ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.

ಸ್ಟೀಲಿನ ಬಟ್ಟಲಿನ ತಳದಲ್ಲಿ
ಕಾಳಿನಷ್ಟು, ಆಮೇಲೆ ನೇರಳೆಹಣ್ಣಿನಷ್ಟು
ಗಟ್ಟಿಯಾಗಿ, ನಡುಗುತ್ತ, ಕುಳಿತಿತ್ತು.
ಇಷ್ಟು ಚಂದದ್ದನ್ನು ನಾನು ಆ ತಿಂಗಳು ನೋಡಿರಲಿಲ್ಲ.

ಮನೆಗೆ ಬಂದು ಮುಚ್ಚಳ ತೆಗೆದರೆ
ಹಾಲು ಇನ್ನೂ ಹಾಲೇ. ಬಾಯ್ಲರು ತಣ್ಣಗಿತ್ತು.

ಮರುದಿನ, ಗಂಟಲ ನಳಿಗೆ ತೆಗೆದ ಮೇಲೆ
ಕರಕಲು ದನಿಯಲ್ಲಿ ಕೇಳಿದ: ‘ಸೋರಿತೇ?’
‘ಸ್ವಲ್ಪ. ಜಾಯಿಂಟಿನಲ್ಲಿ.’
ಗೆದ್ದವನಂತೆ ಕಣ್ಣು ಮುಚ್ಚಿದ.
ಅವನ ಮಂಚದ ಕೆಳಗೆ ಬಾಟಲಿಯಲ್ಲಿ
ಗೆರೆ ನಿಂತಲ್ಲೇ ನಿಂತಿತ್ತು.
ಹೋಗುವಾಗ ಬಾಯ್ಲರಿನ ಸಂಗತಿ ಹೇಳಿದೆ.
ಕಣ್ಣು ತೆರೆಯದೆಯೇ ಅಂದ:
‘ಪ್ರೆಷರ್ ನೋಡಿದೆಯಾ?’