ಪಡ್ಡಿನ ಹಂಚು

ಭಾನುವಾರ ಬುರುಜನಹಟ್ಟಿಯ ನಲ್ಲಿಗೆ ನೀರು ಬಿಡುವ ಹೊತ್ತಿಗೆ
ಅಪ್ಪನ ಖಾಲಿ ತೋಟಾಗಳು ಅಂಗಳಕ್ಕೆ ಬಂದಿರುತ್ತವೆ.
ಹುಣಸೆಹಣ್ಣು, ಕಲ್ಲುಪ್ಪು, ಹಿಡಿ ಅಂಟುವಾಳ,
ಬಾಯಿ ಮುಕ್ಕಾದ ಬೋಗುಣಿ.
ಸುಟ್ಟ ಮದ್ದಿನ ವಾಸನೆ ಹುಳಿನೀರಿಗಿಳಿದು
ಮೊದಲು ಕಪ್ಪು, ಆಮೇಲೆ ಹಸಿರು,
ಆಮೇಲೆ ಯಾರದೋ ಮನೆಯ ತಂಬಿಗೆ ಬೆಳಗಿದಂಥ ನೀರು.

ನನ್ನ ಪಾಲಿನದು ಕತ್ತು ನೋಡುವ ಕೆಲಸ.
ಬೆಳಕಿಗೆ ಹಿಡಿದು, ತಿರುಗಿಸಿ,
ಚೆನ್ನಾಗಿದೆ ಅಂದರೂ ಅಪ್ಪ ಕೈಚಾಚಿ ಇಸಕೊಳ್ಳುತ್ತಾನೆ.
ಹೆಬ್ಬೆರಳ ಉಗುರು ಒಂದು ಸುತ್ತು ಹೋಗಿ
ಕೂದಲೆಳೆಯ ಬಿರುಕಿನ ಮೇಲೆ ನಿಲ್ಲುತ್ತದೆ.
‘ಕಣ್ಣಿರೋಳು ನೀನೇನೇ?’

ಪಕ್ಕೆಯಲ್ಲಿ ಮೊಳೆಯಿಂದ ಗೀರಿದ ಗೆರೆಗಳು,
ಸಿಡಿದದ್ದು ಎಷ್ಟು ಸಲವೋ ಅಷ್ಟು.
ಐದು ಗೆರೆಯದ್ದನ್ನು ‘ಮುದುಕಿ’ ಅನ್ನುತ್ತಾನೆ.
ಸಿಡಿದೂ ಸಿಡಿದೂ ಹಿತ್ತಾಳೆ ಮೊಂಡು ಬೀಳುತ್ತದಂತೆ, ಮಾತು ಕೇಳುವುದಿಲ್ಲವಂತೆ.
ಕತ್ತಿಗಷ್ಟೇ ಬೆಂಕಿ, ಬುಡ ನೀರಲ್ಲಿ:
ಕಲಾಯಿ ದಾದಾಪೀರ್ ಕಲಿಸಿಕೊಟ್ಟದ್ದು.
ಬಣ್ಣ ತಿರುಗಿತು ಅಂತ ಈಗ ನಾನು ಹೇಳಬೇಕು.
ನಾನು ಯಾವಾಗಲೂ ಒಂದುಸಿರು ತಡ.

ತೊಳೆದವನ್ನು ಬೋರಲು ನಿಲ್ಲಿಸುವುದು ಪಡ್ಡಿನ ಹಂಚಿನಲ್ಲಿ,
ಗುಳಿಗೊಂದು, ಹನ್ನೆರಡು.
ಅವ್ವ ಮೂರು ವರ್ಷ ಬೈದಳು,
ಆಮೇಲೆ ಗಾಂಧಿ ಸರ್ಕಲ್ಲಿನಿಂದ ನಾನ್‌ಸ್ಟಿಕ್ಕಿನದು ತಂದಳು.
ಅದರಲ್ಲಿ ಪಡ್ಡು ಕೆಂಪಾಗುವುದಿಲ್ಲ. ಅದಕ್ಕೂ ಅಪ್ಪನಿಗೇ ಬೈಗುಳ.

ರೈಫಲ್ಲು ಠಾಣೆಯಲ್ಲಿದೆ.
ಎಲೆಕ್ಷನ್ನಿಗೆ ಅಂತ ಒಪ್ಪಿಸಿದ್ದು.
ಬೆರಳಿನ ಶಾಯಿ ಹೋಯಿತು, ಗೆದ್ದವನು ಪಕ್ಷವನ್ನೂ ಬಿಟ್ಟ,
ರಸೀದಿ ಮಾತ್ರ ರೇಷನ್ ಕಾರ್ಡಿನೊಳಗೆ ಮಡಚಿಕೊಂಡಿದೆ.
ಪೊರೆ ಬಂದದ್ದು ಅದೇ ವರ್ಷ.
ಮನೆಯಲ್ಲಿ ಮದ್ದಿಲ್ಲ, ಗುಂಡಿಲ್ಲ.
ಹೋದ ವಾರ ತೊಳೆದವನ್ನೇ ಈ ವಾರವೂ ತೊಳೆಯುತ್ತೇವೆ.

ಕತ್ತು ಸೀಳಿದ್ದು ಅಣ್ಣನ ಮಗ ಓಬಿಗೆ.
ತುಟಿಗಿಟ್ಟು ಊದುತ್ತಾನೆ, ನೀರಿನ ಟ್ಯಾಂಕಿನ ಮೇಲೆ ಕೂತು.
ಬೀದಿಯ ನಾಯಿಗಳಿಗೆಲ್ಲ ಅದರ ಪರಿಚಯವಿದೆ.

ಕೊನೆಗೆ, ಬಡಗಲಿಗೆ ಮುಖ ಮಾಡಿ ಕೂತು, ಪ್ರತಿವಾರದ ಪ್ರಶ್ನೆ:
‘ಗುಡ್ಡದ ಮೇಲಿನ ಗಾಳಿಗಿರಣಿ ಯಾವ ಕಡೆ ನೋಡ್ತಾವೆ?’

ಇವತ್ತು ಮಂಜು. ಗುಡ್ಡವೇ ಇರಲಿಲ್ಲ.
ಪಡುವಲಿಗೆ, ಅಂದೆ.
‘ಹಂಗಾದ್ರೆ ಒಂದು ಬೆರಳು ಬಲಕ್ಕೆ ಎಳೀತದೆ’
ಅಂದು, ಇಲ್ಲದ್ದಕ್ಕೆ ಕೆನ್ನೆ ಒತ್ತಿ
ಸ್ವಲ್ಪ ಎಡಕ್ಕೆ ಸರಿದು ಕೂತ.