ಟೋಕನ್ ನಂಬರ್ ಹದಿನೇಳು

ಪೊರೆ ತೆಗೆದ ಡಾಕ್ಟರು ಎಡಗಣ್ಣಿಗೆ
ಪ್ಲಾಸ್ಟಿಕ್ ಮುಚ್ಚಳವೊಂದನ್ನು ಅಂಟಿಸಿ ಕಳಿಸಿದ್ದರು.
ವಾರ ಕಳೆದು ತೆಗೆದೆ. ಎಸೆಯಲಿಲ್ಲ.
ಬೂಟ್ ಪಾಲಿಶ್ ಬಳಿದು ಕಿಟಕಿಯಲ್ಲಿಟ್ಟೆ, ಒಣಗಿತು.
ಅಷ್ಟೇ ನೋಡಿ, ಕಡಲ್ಗಳ್ಳಿಯಾಗಲು
ಮುಕ್ಕಾಲು ಸಾಮಾನು ಮನೆಯಲ್ಲೇ ಇತ್ತು.

ಕೋಟಿಗೆ ಲ್ಯಾಬಿನ ಹಳೆಯ ಪರದೆ,
ಕತ್ತಿಗೆ ಫ್ರಿಜ್ಜು ಬಂದ ರಟ್ಟು.
ಟೊಪ್ಪಿ ಮಾತ್ರ ದಾದರಿನಲ್ಲಿ ಕೊಂಡೆ.
ಮೊಮ್ಮಗನಿಗಾ? ಕೇಳಿದ ಅಂಗಡಿಯವ.
ಹೂಂ ಅಂದೆ. ತಲೆ ಸ್ವಲ್ಪ ದೊಡ್ಡದು ಅವನದು.

ಭಾನುವಾರ ಜೋಗೇಶ್ವರಿಯಿಂದ ಬೊರಿವಲಿ ಸ್ಲೋ.
ಲೇಡೀಸ್ ಡಬ್ಬದಲ್ಲಿ ಬಟಾಣಿ ಸುಲಿಯುತ್ತಿದ್ದವಳು
ಕತ್ತಿ ಮುರಿಯದಂತೆ ಮೊಣಕಾಲು ಸರಿಸಿದಳು.
ಏನಾಗಿದೆ ನಿನಗೆ ಎಂದು ಈ ಊರಲ್ಲಿ ಯಾರೂ ಕೇಳುವುದಿಲ್ಲ,
ನಾಲ್ಕನೇ ಸೀಟು ಕೊಡುತ್ತಾರೆ.

ಗೊರಾಯಿ ಜೆಟ್ಟಿ. ಒಣಮೀನಿನ ಗಾಳಿ.
ದೋಣಿಯ ಹಲಗೆಯ ಮೇಲೆ ಒಂದು ಕಾಲೂರಿ ನಿಂತೆ.
ಹತ್ತು ನಿಮಿಷದ ಖಾಡಿ ಅದು, ಗೊತ್ತು.
ಆದರೂ ಆ ಹತ್ತು ನಿಮಿಷದಲ್ಲಿ
ಐವತ್ತೊಂದರ ಪ್ರೇಮಲತಾ ಬಂಗೇರ,
ಅಂಧೇರಿಯ ರಕ್ತ ಪರೀಕ್ಷೆಯ ಲ್ಯಾಬು, ಬಿಲ್ಲಿಂಗ್ ಕೌಂಟರು,
ಒಂದು ಹಡಗನ್ನಾದರೂ ಮುಳುಗಿಸಿದ್ದೇನೆ.

ಗೇಟಿನ ಹುಡುಗಿ ಫಲಕ ತೋರಿಸಿದಳು:
ಹದಿನಾಲ್ಕು ದಾಟಿದವರಿಗೆ ವೇಷ ಇಲ್ಲ.
ಕಾಕೂ, ಹೇ ಚಾಲಣಾರ ನಾಹೀ,
ನೀವು ಇಲ್ಲಿಯವರೆಂದು ತಿಳಿದು
ಮಕ್ಕಳು ನಿಮ್ಮ ಹಿಂದೆ ಬಂದುಬಿಡುತ್ತಾರೆ.
ಬರಲಿ ಬಿಡಮ್ಮಾ, ಯಾರಾದರೂ ಹಾಗೆ ಬಂದು ಎಷ್ಟು ಕಾಲ...
ಅನ್ನಲಿಲ್ಲ.
ಕತ್ತಿ ಕೊಟ್ಟೆ. ಟೋಕನ್ ಕೊಟ್ಟಳು, ಹದಿನೇಳು.
ಕೋಟು ಟೊಪ್ಪಿ ಚೀಲಕ್ಕೆ.
ಕಣ್ಣಿನದು? ಅಂದಳು.
ಆಸ್ಪತ್ರೆಯದು, ಅಂದೆ. ಡಿಸ್ಚಾರ್ಜ್ ಕಾಗದ ಬಿಚ್ಚಿದೆ.
ಬಿಲ್ಲಿಂಗಿನವಳ ಹತ್ತಿರ ಕಾಗದ ಯಾವತ್ತೂ ಇರುತ್ತದೆ.

ಮಧ್ಯಾಹ್ನ, ಕ್ಯಾಂಟೀನಿನ ಹಿಂದೆ,
ಗ್ಯಾಸ್ ಸಿಲಿಂಡರುಗಳ ನೆರಳಲ್ಲಿ ಕರಡಿ ಕೂತಿತ್ತು.
ತಲೆ ಬಿಚ್ಚಿ ಪಕ್ಕಕ್ಕಿಟ್ಟಿತ್ತು,
ನಗುತ್ತಲೇ ಇತ್ತು ಆ ತಲೆ.
ಕುತ್ತಿಗೆಯಿಂದ ಮೇಲೆ ಇಪ್ಪತ್ತರ ಹುಡುಗ,
ನಾಲಾಸೊಪಾರದ ಮಿಲಿಂದ. ಕೈಯಲ್ಲಿ ವಡಾಪಾವ್.
ಕೊರಳ ತುಂಬ ಬೆವರುಸಾಲೆ.
ದಿನಕ್ಕೆ ಆರುನೂರೈವತ್ತು, ಅಂದ,
ತಲೆ ಬೀಳಿಸಿದರೆ ನೂರು ದಂಡ. ನಿಮಗೆಷ್ಟು?
ನಾನೇ ಕೊಟ್ಟೆ, ಅಂದೆ, ಒಂಬೈನೂರು.
ವೇಷ ಹಾಕಲಿಕ್ಕೆ?
ವೇಷ ಹಾಕಲಿಕ್ಕೆ.
ಅವನು ನಕ್ಕ ರಭಸಕ್ಕೆ ಪಾವಿನ ಚೂರು
ಕರಡಿಯ ಹೊಟ್ಟೆಯ ಕೂದಲಿಗೆ ಸಿಕ್ಕಿಕೊಂಡಿತು.

ಬದುಕೇ ಒಂದು ವೇಷ ಅಂತ
ಇಲ್ಲಿಗೆ ಬರೆದು ಮುಗಿಸಬಹುದಿತ್ತು.
ಆದರೆ ಮಿಲಿಂದನ ಬೆನ್ನಿನ ಝಿಪ್ಪು ತುಕ್ಕು ಹಿಡಿದಿತ್ತು,
ಒಬ್ಬರಿಂದ ಆಗುವ ಕೆಲಸವಲ್ಲ. ಎಳೆದೆ.
ಒಳಗೆ ಗಾಳಿ ಹೋಯಿತು.
ಆಯೀ ಗ, ಅಂದ, ಕಣ್ಣು ಮುಚ್ಚಿ.

ಟೊಪ್ಪಿ ನೋಡಲಾ?
ಕೊಟ್ಟೆ. ಕಣ್ಣಿನ ಮುಚ್ಚಳವನ್ನೂ ಕೊಟ್ಟೆ.
ಕರಡಿಯ ಮೈ, ಹುಡುಗನ ಮುಖ, ನನ್ನ ಟೊಪ್ಪಿ.
ಒಂದು ಫೋಟೋ ತೆಗೀರಿ ಕಾಕೂ, ಅಮ್ಮನಿಗೆ ತೋರಿಸಬೇಕು.
ದಿನಕ್ಕೆ ಇನ್ನೂರು ಜನ ನನ್ನ ಜೊತೆ ಫೋಟೋ ತೆಗೆಸುತ್ತಾರೆ,
ಒಂದರಲ್ಲೂ ನಾನಿಲ್ಲ.

ಸೀಟಿ ಊದಿದರು. ತಲೆ ಏರಿಸಿಕೊಂಡ.
ಎರಡನೇ ಹೆಜ್ಜೆಗೇ ನಡಿಗೆ ತೊನೆಯಿತು.
ಮಕ್ಕಳು ಓಡಿಬಂದು ಕಾಲಿಗೆ ಜೋತುಬಿದ್ದರು.
ಬೆನ್ನಿನ ಝಿಪ್ಪು ನಾಲ್ಕು ಬೆರಳು ತೆರೆದೇ ಇತ್ತು,
ಯಾರೂ ನೋಡಲಿಲ್ಲ.

ಕೊನೆಯ ದೋಣಿಯ ಗಡಿಬಿಡಿಯಲ್ಲಿ ಕತ್ತಿ ಮರೆತೆ.
ಟೋಕನ್ ಪರ್ಸಿನಲ್ಲಿದೆ,
ಚಿಲ್ಲರೆ ಹುಡುಕುವಾಗ ಬೆರಳಿಗೆ ತಾಗುತ್ತದೆ.
ಟೊಪ್ಪಿಯೊಳಗೆ ಇನ್ನೂ ಕರಡಿಯ ಬೆವರು.
ಬಲಗಣ್ಣಿನ ಪೊರೆ ಮಾಗಬೇಕಂತೆ, ಇನ್ನಾರು ತಿಂಗಳು,
ಡಾಕ್ಟರು ಹೇಳಿದ್ದಾರೆ.
ಮಾಗಲಿ.